ಕ್ಲಚ್ಚಿನ ಕೆಳಗಿನ ಮಣೆಕಾಲು

3 ನವೆಂಬರ್, ಸೋಮವಾರ

ದೀಪ ಹಚ್ಚಿದೆ. ದೇವರ ಜಗುಲಿಯಲ್ಲಿ ಅಮ್ಮ ಇನ್ನೂ ತಟ್ಟೆಯ ಮೇಲೆಯೇ ಕೂತಿದ್ದಾಳೆ. ಅವಳ ಮಣೆಯ ಕಾಲು ಮುರಿದು ವಾರವಾಯಿತು. ಮಾನ್ವಿಯ ಬಡಿಗನಿಗೆ ಕೊಟ್ಟು ಬರುತ್ತೇನೆಂದು ಮುರಿದ ಕಾಲಿನ ಸಮೇತ ಮಣೆಯನ್ನು ಇವರು ಒಯ್ದದ್ದೇ ಒಯ್ದದ್ದು. ಇವರಿಗೆಲ್ಲಿ ದೇವರ ಚಿಂತೆ? ಅಂಗಳದಲ್ಲಿ ಇವರು ಮೊನ್ನೆ ತಂದ ಆ ಕೆಂಪು ಕಾರು. ತಲೆ ಸ್ಟೇರಿಂಗ್ ಕೆಳಗೆ, ಕಾಲು ಬಾಗಿಲ ಹೊರಗೆ. ಎದೆಯ ಮೇಲೆ ಮೊಬೈಲ್... ಅದರಲ್ಲೊಬ್ಬ ಹುಡುಗ ಹಿಂದಿಯಲ್ಲಿ ಕ್ಲಚ್ಚಿನ ಪಾಠ ಹೇಳುತ್ತಿದ್ದಾನೆ. ಮೂವತ್ತು ವರ್ಷ ಬಸ್ಸು ಓಡಿಸಿ ರಿಟೈರ್ ಆದವರಿಗೆ ಪಾಠ!

ಟರ್ಬೊ ಅಂತೆ. ಕೂತರೆ ಮಂಡಿ ಗದ್ದಕ್ಕೆ ಬರುತ್ತದೆ. ಹಿಂದೆ ರೆಕ್ಕೆ ಬೇರೆ. ಹಾರುವುದಕ್ಕೋ ಏನೋ.

ಪಕ್ಕದ ಮುನವ್ವರ್ ಬೀ ಗೋಡೆಯಾಚೆಯಿಂದ ಇಣುಕಿದಳು. "ಅಂಬಣ್ಣೋರು ಏನ್ ಮಾಡಾಕತ್ತಾರಕ್ಕಾ?"

"ಶೀರ್ಷಾಸನ" ಎಂದೆ.

6 ನವೆಂಬರ್, ಗುರುವಾರ

ಹದಿನೆಂಟನೇ ತಾರೀಕಿಗೆ ತವರೂರು ಮಸರಕಲ್ಲಿನ ಗುಡಿಯ ಅಮ್ಮನಿಗೆ ಉಡಿ ತುಂಬುವ ಪಾಳಿ ನನ್ನದು. ತವರಿನ ಹೆಣ್ಣುಮಕ್ಕಳಲ್ಲಿ ಸುತ್ತಿ ಬರುವ ಪಾಳಿ, ಇನ್ನೊಮ್ಮೆ ಬರುವಷ್ಟರಲ್ಲಿ ನಾನಿರುತ್ತೇನೋ ಇಲ್ಲವೋ. ಹೊತ್ತು ಮೂಡುವ ಮೊದಲೇ ಮುಟ್ಟಬೇಕು. ತಪ್ಪಿದರೆ ಪಾಳಿ ಕಸಿಯಲು ದೊಡ್ಡಪ್ಪನ ಮಗಳು ಕರೆಮ್ಮ ಸೀರೆ ಹಿಡಿದು ನಿಂತೇ ಇರುತ್ತಾಳೆ. ಮೊದಲ ಬಸ್ಸು ಬಿಸಿಲೇರಿದ ಮೇಲೆ. ಆ ಕೆಂಪು ಡಬ್ಬಿಯೇ ಗತಿ. ಓಡುತ್ತದೋ ಇಲ್ಲವೋ ಎಂದು ಇವರನ್ನು ಕೇಳಿದೆ.

"ಕ್ಲಚ್ ಬಾಳ ಆಳಕ್ಕ ಹೋಗ್ತಿತ್ತು. ಕೆಳಗೊಂದು ಅಡ್ಡ ಕೊಟ್ಟೀನಿ. ಈಗ ಅರ್ಧ ಒತ್ತಿದ್ರ ಸಾಕು. ರೇಸ್ ಗಾಡಿಗೆಲ್ಲ ಹಂಗ ಇರ್ತದ."

"ಹೌದ್ರಿ. ಕಂಪನಿಯವ್ರು ದಡ್ಡರು, ನೀವೊಬ್ರ ಶಾಣ್ಯಾರು."

14 ನವೆಂಬರ್, ಶುಕ್ರವಾರ

ಉಡಿಯ ಸೀರೆ ತವರಿನ ಪೇಟೆಯದೇ ಆಗಬೇಕೆಂದು ದೇವದುರ್ಗಕ್ಕೆ ಹೋದೆವು. ಮಾನ ಹೋಯಿತು. ಬಸ್ ಸ್ಟ್ಯಾಂಡಿನ ಎದುರಿಗೇ ಗಾಡಿ ಗರ್ರ್ ಎಂದಿತು. ಗೇರ್ ಬೀಳಲೊಲ್ಲದು. ಹಿಂದೆ ಟಂಟಂ, ಟ್ರ್ಯಾಕ್ಟರು, ಬಸ್ಸು — ಎಲ್ಲರದೂ ಹಾರ್ನ್. ಬಸ್ಸಿನ ಡ್ರೈವರ್ ಇವರ ಹಳೆಯ ಜೊತೆಗಾರ. ಕಿಟಕಿಯಿಂದ ಕೂಗಿದ:

"ಯಾಕ್ರೀ ಅಂಬಣ್ಣ, ನಮ್ಮನ್ನ ಮರತ್ರಿ, ಹೋಗ್ಲಿ. ಗೇರೂ ಮರತ್ರೇನು?"

ರಸ್ತೆಯೆಲ್ಲ ನಕ್ಕಿತು. ಆ ಅಡ್ಡವಾದರೂ ಎಂಥದೆಂದು ಬಗ್ಗಿ ನೋಡಿದೆ. ಪೆಡಲಿನ ಕೆಳಗೆ ಕಟ್ಟಿಗೆಯ ತುಂಡು. ಅದರ ಮೇಲೆ ಅರ್ಧ ಕಮಲ. ಕುಂಕುಮದ ಕಲೆ.

"ಇದು ಅಮ್ಮನ ಮಣಿಕಾಲು ಅಲ್ಲೇನ್ರೀ?"

"ಮುರದ ಕಾಲು ಅದು, ಮಲ್ಲೀ. ತೇಗದ ಕಟ್ಟಿಗಿ, ಗಟ್ಟಿ ಅದ ಅಂತ..."

"ನಾ ಹಣಿ ಹಚ್ಚಿದ್ದಕ್ಕ ನೀವು ಚಪ್ಪಲಿ ಹಚ್ಚಿದ್ರಿ."

ನಾನೇ ಕಿತ್ತೆ. ಕಣ್ಣಿಗೊತ್ತಿಕೊಂಡು ಸೆರಗಿನಲ್ಲಿ ಕಟ್ಟಿಕೊಂಡೆ. ತುಂಡು ಬಂದದ್ದೇ ತಡ, ಪೆಡಲು ತಳಕ್ಕೆ ಹೋಯಿತು, ಗೇರ್ ಬಿತ್ತು. ಅಮ್ಮ ತಾನೇ ಅಡ್ಡ ನಿಂತಿದ್ದಳು, ಬೇರೇನಲ್ಲ. ರಾಯಚೂರಿನ ಮನೆಗೆ ಬಂದು ಆ ಮಣೆಕಾಲನ್ನು ತೊಳೆದು ಜಗುಲಿಯ ಮೇಲಿಟ್ಟೆ.

16 ನವೆಂಬರ್, ಭಾನುವಾರ

ಇವರೊಡನೆ ಮಾತು ಬಿಟ್ಟಿದ್ದೇನೆ. ಊಟ ಬಡಿಸುತ್ತೇನೆ, ಅಷ್ಟೇ.

ಸಂಜೆ ಇವರು ಗಾಡಿಯಲ್ಲಿ ಕೂತು ಬರೀ ಕ್ಲಚ್ ಒತ್ತುತ್ತಿದ್ದರು. ಕಿಟಕಿಯಿಂದ ಕಂಡಿತು... ಕಾಲಿನಿಂದ ಒತ್ತುತ್ತಿಲ್ಲ. ಕೈಯಿಂದ ತೊಡೆ ಅದುಮಿ ಒತ್ತುತ್ತಿದ್ದಾರೆ. ಹಲ್ಲು ಕಚ್ಚಿಕೊಂಡು. ಹೊರಗೆ ಹೋದೆ.

"ಮಂಡಿ ಯಾವಾಗಿಂದ?"

"ರಿಟೈರ್ ಆಗೋಕಿನ ಮುಂಚಿಂದ."

"ಮತ್ತ ಇಂಥಾ ಬಿರುಸು ಗಾಡಿ ಯಾಕ ತಂದ್ರಿ?"

ಸ್ಪೀಡ್ ತೋರಿಸುವ ಗಾಜನ್ನು ಹೆಬ್ಬೆರಳಿಂದ ಒರೆಸಿದರು. ಆಮೇಲೆ, "ಬಸ್ಸಿನ್ಯಾಗ ಅರವತ್ತರ ಮ್ಯಾಲೆ ಮುಳ್ಳು ಏಳಲಿಲ್ಲ, ಮಲ್ಲೀ. ಒಂದ್ ಸಲ ನೋಡಬೇಕಂತ."

ಥೂ. ಮಂಡಿ ನೋವೆನ್ನಲು ನಾಚಿಕೆ. ಅಮ್ಮನ ಕಾಲು ಕೊಯ್ಯಲು ನಾಚಿಕೆಯಿಲ್ಲ!

ಇವರದೇ ಹಳೆಯ ರಬ್ಬರ್ ಚಪ್ಪಲಿಯ ಹಿಮ್ಮಡಿ ಕೊಯ್ದು ಮುಂದೆ ಎಸೆದೆ. "ಕಾಲಾಗ ಇರೋದು ಕಾಲಾಗ ಇರ್ಲಿ. ಇದನ್ನ ಹಾಕ್ರಿ."

ಎತ್ತಿ ಹಿಸುಕಿ ನೋಡಿದರು. "ತೆಳ್ಳಗದ... ನಡೀಬಹುದು."

18 ನವೆಂಬರ್, ಮಂಗಳವಾರ, ನಸುಕು

ಮಿಂದೆ. ನೀರೂ ಕುಡಿದಿಲ್ಲ. ಸೀರೆ, ಕುಪ್ಪಸ, ಕೊಬ್ಬರಿ, ಅರಿಶಿಣ ಎಲ್ಲ ಬುಟ್ಟಿಯಲ್ಲಿವೆ. ಮಂಡಿಯ ಎಣ್ಣೆ ಶೀಸೆಯೂ ಇದೆ. ಕೇಳಿದರೆ ಗಾಡಿಗೆಂದು ಹೇಳುತ್ತೇನೆ.

ಹೊರಗೆ ಹಾರ್ನ್. ಹೊಡೆಯಲಿ. ಗೇರ್ ಬೀಳುವ ತನಕ ಹೊಸ್ತಿಲು ದಾಟುವುದಿಲ್ಲ. ಕರೆಮ್ಮ ಅಲ್ಲಿ ಎದ್ದಿರುತ್ತಾಳೆ.

ಗರ್ರ್... ಮತ್ತೆ ಗರ್ರ್.

ಅಮ್ಮಾ.

"ಬಾ ಮಲ್ಲೀ, ಬಿತ್ತು!"

ಬಗ್ಗಿ ನೋಡಿಯೇ ಹತ್ತುವವಳು ನಾನು. ಅಲ್ಲಿ ಚಪ್ಪಲಿಯೇ ಇದ್ದರೆ, ಮುಳ್ಳು ಅರವತ್ತು ದಾಟಿದರೂ ಇವತ್ತು ಬೈಯುವುದಿಲ್ಲ.