ಕಳೆ ಕೀಳುವಾಗ ಬಂದ ಮಾತು

ಮಾರ್ಚ್ ೧೧, ಮಂಗಳವಾರ

ತಾಯಿ-ಮಗುವಿನ ಆರೋಗ್ಯ ವಿಚಾರಿಸಲು ಮೂರು ಸಲ ಮನೆಗೆ ಹೋದಾಗಲೂ ಈರುಳ್ಳಿ ಹೊಲದವರ ಸೊಸೆ "ಚೆನ್ನಾಗಿದ್ದೀನಿ ಸಿಸ್ಟರ್" ಎಂದು ಬಾಗಿಲು ಹಾಕಿಕೊಂಡಿದ್ದಳು. ಇವತ್ತು ಅವರ ಹೊಲಕ್ಕೇ ಹೋಗಿ, ಬ್ಯಾಗನ್ನು ಬದುವಿನ ಮೇಲಿಟ್ಟು, ಅವಳ ಪಕ್ಕದ ಸಾಲಿನಲ್ಲಿ ನಾನೂ ಕಳೆ ಕೀಳಲು ಕೂತೆ. ಅರ್ಧ ಸಾಲು ಮುಗಿಯುವಷ್ಟರಲ್ಲಿ ಅವಳೇ ಬಾಯಿಬಿಟ್ಟಳು.

"ಮಗು ಹುಟ್ಟಿ ಐದು ತಿಂಗಳಾಯ್ತು. ಅದು ಅತ್ರೂ ನಂಗೇನೂ ಅನ್ಸಲ್ಲ. ಬೆಳಿಗ್ಗೆ ಯಾಕಾದ್ರೂ ಏಳ್ತೀನೋ."

ಹಿಂದಿನ ಸಾಲಿನಲ್ಲಿದ್ದ ಅತ್ತೆಗೂ ಅದು ಕೇಳಿಸಿತು. ಈಗ ಬೈಯುತ್ತಾರೆ ಅಂದುಕೊಂಡೆ. ಅವರು ಎದ್ದು ಬಂದು ಸೊಸೆಯ ಬೆನ್ನ ಮೇಲೆ ಕೈಯಿಟ್ಟರು.

"ನಂಗೂ ಹಿಂಗೇ ಆಗಿತ್ತು ಕಣೇ. ಎಲ್ರೂ ಕೊಬ್ಬು ಅಂದ್ರು. ಗುರುವಾರ ಡಾಕ್ಟ್ರ ಹತ್ರ ನಾನೇ ಕರ್ಕೊಂಡು ಹೋಗ್ತೀನಿ."

ಸೊಸೆ ಮನಸಾರೆ ಅತ್ತಳು. ಹುಡುಗಿ ಚೇತರಿಸಿಕೊಳ್ಳುತ್ತಾಳೆ, ನನಗೆ ಅನುಮಾನವಿಲ್ಲ. ಇನ್ನು ಮೇಲೆ ಹೊಸಿಲಲ್ಲಿ ನಿಂತು ವಿಚಾರಿಸುವುದಿಲ್ಲ, ಹೊಲಕ್ಕೇ ಇಳಿಯುತ್ತೇನೆ. ಸೊಂಟವೇನೋ ಬೈಯುತ್ತಿದೆ, ಬೈಯಲಿ…