ನಮ್ಮಪ್ಪನನ್ನು ಕುದುರೆಯಿಂದ ಇಳಿಸಿ

ನಮ್ಮೂರ ಸ್ಮಾರಕ ಸಮಿತಿಯ ಅಧ್ಯಕ್ಷರೇ,

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಧೈರ್ಯ ಉಳಿಯುತ್ತದೋ ಇಲ್ಲವೋ. ಕಾರ್ಗಿಲ್ ಯುದ್ಧದಲ್ಲಿ ಸೇವೆ ಸಲ್ಲಿಸಿದ ನನ್ನ ತಂದೆ ದಿವಂಗತ ಶಟ್ಟೆಪ್ಪನವರನ್ನು, ದೊಡವಾಡದ ಬಸ್ಸು ತಿರುಗುವ ಸರ್ಕಲ್ಲಿನಲ್ಲಿ ತಾವು ಕುದುರೆಯ ಮೇಲೆ ಕೂರಿಸಿದ್ದೀರಿ. ಕೈಗೆ ಖಡ್ಗವನ್ನೂ ಕೊಟ್ಟಿದ್ದೀರಿ. ಪ್ರತಿಮೆಗೆ ತಾಡಪತ್ರಿ ಹೊದಿಸಿದ್ದರೂ ಖಡ್ಗ ಅದನ್ನು ಹರಿದು ಹೊರಗೆ ಬಂದಿದೆ. ಸ್ವಾತಂತ್ರ್ಯ ದಿನದ ಅನಾವರಣಕ್ಕೆ ಮುಂಚೆ ದಯವಿಟ್ಟು ಅಪ್ಪನನ್ನು ಕೆಳಗಿಳಿಸಿ.

ಮಾನ್ಯರೇ, ಯುದ್ಧ ನಡೆದದ್ದು 1999ರಲ್ಲಿ. ಆಗ ಖಡ್ಗ ಹಿಡಿದು ಗುಡ್ಡ ಹತ್ತಿದವರು ಯಾರೂ ಇರಲಿಲ್ಲವೆಂದು, ಇಂಟರ್ನಲ್ಸ್ ಟೆನ್ಶನ್ನಿನಲ್ಲಿ ಊಟ ಬಿಟ್ಟಿರುವ ಫಸ್ಟ್ ಇಯರ್ ಬಿ.ಎ. ಹುಡುಗಿಗೂ ಗೊತ್ತಿದೆ. ಕಿತ್ತೂರು ಸೀಮೆಯಲ್ಲಿ ಶೂರರೆಂದರೆ ಕುದುರೆಯ ಮೇಲೆಯೇ ಇರಬೇಕು, ಒಪ್ಪಿದೆ. ಶಿಲ್ಪಿಯ ಬಳಿ ಇದ್ದದ್ದು ಅದೊಂದೇ ಅಚ್ಚು, ಅದನ್ನೂ ಒಪ್ಪಿದೆ. ಆದರೆ ಅಚ್ಚಿಗೆ ತಕ್ಕಂತೆ ಯುದ್ಧವನ್ನೇ ತಿದ್ದುವ ಅಧಿಕಾರ ಸಮಿತಿಗೆ ಎಲ್ಲಿಂದ ಬಂತು?

ಅಪ್ಪ ಸೈನ್ಯದಲ್ಲಿ ಹೇಸರಗತ್ತೆ ನಡೆಸುತ್ತಿದ್ದ. ಲಾರಿ ಹತ್ತದ ಗುಡ್ಡಕ್ಕೆ ಮದ್ದುಗುಂಡು, ನೀರು, ಹಿಟ್ಟು ಎಲ್ಲ ಅದರ ಬೆನ್ನ ಮೇಲೆಯೇ ಹೋಗಬೇಕು. ಹಗ್ಗ ಹಿಡಿದು ಅಪ್ಪ ಮುಂದೆ, ಮೋತಿ ಎಂಬ ಹೇಸರಗತ್ತೆ ಹಿಂದೆ. ಊರಿನಲ್ಲಿ ಯಾರಾದರೂ "ಎಷ್ಟ ಮಂದೀನ ಹೊಡದಿ ಶಟ್ಟೆಪ್ಪ?" ಎಂದರೆ, "ಗುಂಡು ಹೊತ್ತದ್ದು ಮೋತಿ. ನಾ ಬರೇ ಹಗ್ಗ ಹಿಡಕೊಂಡಿದ್ದೆ" ಅನ್ನುತ್ತಿದ್ದ. ಕೇಳಿದವರು ಕೊಡಿಸಬೇಕೆಂದಿದ್ದ ಚಹಾವನ್ನೂ ಕೊಡಿಸದೆ ಎದ್ದು ಹೋಗುತ್ತಿದ್ದರು.

ಕಳೆದ ವಾರ ಅವ್ವನೊಂದಿಗೆ ತಮ್ಮ ಕಚೇರಿಗೆ ಬಂದಿದ್ದೆ. ಇಂಗ್ಲಿಷಿನಲ್ಲಿ ರಿಹರ್ಸಲ್ ಮಾಡಿದ್ದ ಭಾಷಣವೆಲ್ಲ ಬಾಗಿಲಲ್ಲೇ ಉಳಿದು, "ಸರ್, ಆಕ್ಚುಲಿ" ಎಂಬುದಷ್ಟೇ ನನ್ನೊಡನೆ ಒಳಗೆ ಬಂತು.

"ಹೇಸರಗತ್ತಿ ನಿಲ್ಲಿಸಿದ್ರ ಮಂದಿ ನಗತಾರ, ತಂಗಿ. ಬೇಕಂದ್ರ ಕುದರಿಗೆ ಕಿವಿ ಉದ್ದ ಮಾಡಸ್ತೇವಿ. ಸಿಮೆಂಟ್ ಇನ್ನೂ ಉಳದೈತಿ" ಎಂದಿರಿ ತಾವು.

"ಕಿವಿ ಏನರ ಮಾಡ್ಕೋರಿ," ಎಂದಳು ಅವ್ವ. "ನಮ್ಮನಿಯವ್ರು ಅದರ ಮ್ಯಾಲೆ ಎಂದೂ ಕುಂತಿಲ್ರಿ. ಅಷ್ಟು ಹೊರೀ ಮ್ಯಾಲೆ ಇವ್ರೂ ಏರಿದ್ರ, ಒದ್ದು ಪಾಕಿಸ್ತಾನಕ್ಕ ಒಗೀತಿತ್ತು."

"ಮರ್ಯಾದಿ ಪ್ರಶ್ನೆ ಐತಿ, ಅವ್ವಾರ. ವೀರ ನಡಕೋತ ಹೋದ್ರ ಹೆಂಗ ಕಾಣತೈತಿ?"

ಹೇಗೆ ಕಾಣುತ್ತದೆಂದು ನಾನು ಹೇಳುತ್ತೇನೆ, ಸರ್. ನಿವೃತ್ತನಾದ ಮೇಲೂ ಅಪ್ಪ ಬಜಾರಿಗೆ ಹೋಗುವಾಗ ಬಲಗೈಯನ್ನು ಹಿಂದೆ ಬಿಟ್ಟೇ ನಡೆಯುತ್ತಿದ್ದ, ಹಗ್ಗ ಇನ್ನೂ ಅಲ್ಲೇ ಇದೆಯೇನೋ ಎಂಬಂತೆ. ಶಾಲೆಯ ಹಾಸ್ಟೆಲ್ಲಿನಿಂದ ರಜೆಗೆ ಬಂದಾಗ ಆ ಕೈ ನನ್ನದು. ನನ್ನ ಕಾಲು ಸೋತರೆ, ತಿರುಗಿ ನೋಡದೆಯೇ ಅವನ ನಡಿಗೆ ನಿಧಾನವಾಗುತ್ತಿತ್ತು. ಬಳೆ ಅಂಗಡಿಯ ಕರೆವ್ವ "ಬಂತ ನೋಡ್ರಿ ಶಟ್ಟೆಪ್ಪನ ಹೇಸರಗತ್ತಿ" ಎಂದರೆ, ಅಪ್ಪ ಗಂಭೀರವಾಗಿ, "ದಾರಿ ಬಿಡ್ರಿ, ಒದೀತೈತಿ" ಅನ್ನುತ್ತಿದ್ದ.

ನಾನು ಒಂಬತ್ತನೇ ಇಯತ್ತೆಯಲ್ಲಿದ್ದಾಗ ಅವನು ತೀರಿಕೊಂಡ. ಮನೆಯಲ್ಲಿರುವ ಫೋಟೋಗಳಲ್ಲೆಲ್ಲ ಅಟೆನ್ಶನ್ನಿನಲ್ಲಿ ನಿಂತಿದ್ದಾನೆ. ಆ ನಡಿಗೆ ಯಾವುದರಲ್ಲೂ ಇಲ್ಲ, ನನ್ನ ನೆನಪಿನಲ್ಲಿ ಮಾತ್ರ ಇದೆ. ನನ್ನ ಹೆದರಿಕೆ ಇಷ್ಟೇ: ಪ್ರತಿ ರಜೆಗೂ ಬಸ್ಸಿಳಿದ ಕೂಡಲೇ ಆ ಸವಾರನನ್ನು ನೋಡಿ ನೋಡಿ, ಒಂದು ದಿನ ನಾನೂ ಅಪ್ಪನನ್ನು ಕುದುರೆಯ ಮೇಲೆಯೇ ನೆನೆಯತೊಡಗಿದರೆ? ಆಗ ಅವನನ್ನು ಕೆಳಗಿಳಿಸಲು ಯಾವ ಸಮಿತಿಗೆ ಬರೆಯಲಿ?

ಆದ್ದರಿಂದ ನನ್ನ ಒತ್ತಾಯ: ಕುದುರೆಯನ್ನು ಬೇರೆ ಯಾವ ವೀರನಿಗಾದರೂ ಕೊಡಿ. ಅಪ್ಪನನ್ನು ನೆಲದ ಮೇಲೆ, ನಡೆಯುತ್ತಿರುವಂತೆ ನಿಲ್ಲಿಸಿ. ಜನ ನಗುತ್ತಾರೆಂದರೆ ಹೇಸರಗತ್ತೆಯೂ ಬೇಡ, ಹಗ್ಗವೂ ಬೇಡ. ಬಲಗೈಯೊಂದು ಹಿಂದಕ್ಕೆ ಚಾಚಿರಲಿ, ಖಾಲಿ. ಅದನ್ನು ಹಿಡಿಯಲು ರಜೆಗೆ ನಾನು ಬರುತ್ತೇನೆ.

ಇಂತಿ,
ಇಲ್ಲಿಯವರೆಗೆ ಒದೆಯದಿರುವ
ಪ್ರಣಿತಾ