ನಲವತ್ತೊಂದು ಮನೆ, ಮನೆಗೆ ನಾಲ್ಕೇ ಜನ

ಆಹಾರ ನೆರವು ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ನಮ್ಮ ಬೀದಿಯ ನಲವತ್ತೊಂದು ಕುಟುಂಬಗಳ ದಿನಸಿ ಅರ್ಜಿಗಳನ್ನು ‘ಸಾಮೂಹಿಕ ವಂಚನೆ’ ಎಂದು ತಳ್ಳಿಹಾಕಿ, ಇನ್ನೊಂದು ವರ್ಷ ಇವರಾರೂ ಅರ್ಜಿ ಹಾಕಕೂಡದೆಂದು ಆದೇಶ ಹೊರಡಿಸಿದ್ದೀರಿ. ಆ ವಂಚಕರ ನಾಯಕಿ ನಾನೇ. ಬಚ್ಚಿಡುವುದೇನೂ ಇಲ್ಲ, ಹೇಳಿಬಿಡುತ್ತೇನೆ, ಕೇಳಿ.

ಮೂವತ್ತೆರಡು ವರ್ಷ ನಿಮ್ಮಂಥದ್ದೇ ಕಚೇರಿಯಲ್ಲಿ ಬೆರಳಚ್ಚುಗಾರ್ತಿಯಾಗಿದ್ದವಳು ನಾನು. ನಿವೃತ್ತಿಯಾದ ಮೇಲೆ ಕೈ ಸುಮ್ಮನಿರಲಿಲ್ಲ. ಹೊಲಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಧ್ಯಾಹ್ನದ ಹೊತ್ತು ಬೀದಿಯ ಹೆಂಗಸರಿಗೆ ಓದು ಬರಹ ಕಲಿಸತೊಡಗಿದೆ. ಕಲಿತವರು ಕೈಕಟ್ಟಿ ಕೂರಲಿಲ್ಲ. ಸಂಘ ಕಟ್ಟಿಕೊಂಡರು, ಯಾರ ಮನೆಯ ಒಲೆ ಉರಿಯುತ್ತಿಲ್ಲವೆಂದು ಮನೆಮನೆಗೆ ಹೋಗಿ ವಿಚಾರಿಸಿದರು, ನಿಮ್ಮ ನಿಯಮಾವಳಿಯನ್ನು ಗಟ್ಟಿಯಾಗಿ ಓದಿ ಅರ್ಥ ಮಾಡಿಕೊಂಡರು. ಹಿಂದೆಲ್ಲ ಅರ್ಜಿಯನ್ನು ದಲ್ಲಾಳಿ ತುಂಬುತ್ತಿದ್ದ, ಇವರು ಹೆಬ್ಬೆಟ್ಟು ಒತ್ತುತ್ತಿದ್ದರು. ಈ ಸಲ ಅವರೇ ಬರೆಯಲಿ ಎಂದು ಹಟ ಹಿಡಿದವಳು ನಾನು.

ಎಡವಿದ್ದು ಅಲ್ಲೇ. ಕಪ್ಪುಹಲಗೆಯ ಮೇಲೆ ಮಾದರಿಗೆಂದು ಬರೆದೆ: ‘ನಮ್ಮ ಮನೆಯಲ್ಲಿ ನಾಲ್ಕು ಜನ. ದಿನಕ್ಕೆ ಒಂದೇ ಹೊತ್ತು ಊಟ.’ ಹೀಗೆ ಬರೆಯಿರಿ ಎಂದೆ. ಬರೆದರು. ಏಳು ಜನರಿದ್ದವರೂ ನಾಲ್ಕು, ಇಬ್ಬರಿದ್ದವರೂ ನಾಲ್ಕು! ವರ್ಷವಿಡೀ ‘ಹಲಗೆ ನೋಡಿ, ಒಂದಕ್ಷರವೂ ಬಿಡಬೇಡಿ’ ಎಂದು ಗದರಿದವಳು ನಾನೇ ಅಲ್ಲವೇ? ಅರ್ಜಿಗಳನ್ನೆಲ್ಲ ತಿದ್ದಿದವಳೂ ನಾನೇ. ಕೊಂಬು, ದೀರ್ಘ, ಒತ್ತು ನೋಡಿದೆ. ಮನೆಯಲ್ಲಿರುವ ಜನರನ್ನು ನೋಡಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ, ಕಚೇರಿಯಲ್ಲಿ ಕಲಿತ ಗುಣವೂ ಹಾಗೆಯೇ.

ಆದರೆ ಸ್ವಾಮಿ, ನಿಮ್ಮ ಬುದ್ಧಿಗೇನಾಗಿತ್ತು? ಮೋಸ ಮಾಡುವವರು ಏಳನ್ನು ಹತ್ತು ಮಾಡುತ್ತಾರೆಯೇ ಹೊರತು ನಾಲ್ಕಕ್ಕೆ ಇಳಿಸುತ್ತಾರೆಯೇ? ತಮ್ಮ ಮಕ್ಕಳ ತುತ್ತನ್ನು ತಾವೇ ಕಡಿತಗೊಳಿಸಿಕೊಳ್ಳುವ ವಂಚಕರನ್ನು ನಿಮ್ಮ ಸೇವಾವಧಿಯಲ್ಲಿ ಎಷ್ಟು ಮಂದಿ ಕಂಡಿದ್ದೀರಿ? ಇಬ್ಬರಿದ್ದವರು ನಾಲ್ಕೆಂದು ಬರೆದದ್ದು ತಪ್ಪೇ, ತಿದ್ದೋಣ. ನಿಮ್ಮ ಕಚೇರಿಯಿಂದ ನಮ್ಮ ಬೀದಿಗೆ ಹತ್ತು ನಿಮಿಷದ ದಾರಿ. ಒಬ್ಬರಾದರೂ ಬಂದು ಒಂದು ಬಾಗಿಲು ತಟ್ಟಿದ್ದರೆ ಸಾಕಿತ್ತು. ಕೊನೆಗೆ ನಾವೇ ಬಂದೆವು. ಕಿಟಕಿಯ ಹಿಂದಿನ ಗುಮಾಸ್ತರು ಅರ್ಜಿಗಳನ್ನು ಇಸ್ಪೀಟು ಎಲೆಗಳಂತೆ ಹರಡಿಕೊಂಡು ನಕ್ಕರು. “ಅಮ್ಮಾ, ಇಷ್ಟು ದುಂಡಗೆ ಬರೆಯೋರಿಗೆ ಹಸಿವೆಲ್ಲಿಂದ ಬರತ್ತೆ? ಹೋಗಿ ಹೋಗಿ!” ಹಸಿದವರ ಅಕ್ಷರ ಸೊಟ್ಟಗಿರಬೇಕೆಂಬ ನಿಯಮ ಎಷ್ಟನೆಯ ಪುಟದಲ್ಲಿದೆ? ನಮ್ಮ ಸಂಘದವರು ಮೂರು ಸಲ ಓದಿದರೂ ಸಿಗಲಿಲ್ಲ.

ಏಳನ್ನು ನಾಲ್ಕು ಮಾಡಿದವಳು ಮೂಲೆಮನೆಯ ಇಸ್ತ್ರಿಯಾಕೆ. ಗಂಡ ಕಾಲು ಮುರಿದುಕೊಂಡು ಮಲಗಿದ್ದಾನೆ. ನಾಲ್ಕು ಮಕ್ಕಳು, ವಯಸ್ಸಾದ ಅತ್ತೆ. ಎರಡು ವಾರದಿಂದ ತರಗತಿಗೆ ಬಂದಿರಲಿಲ್ಲವೆಂದು ಮೊನ್ನೆ ಮಧ್ಯಾಹ್ನ ಕರೆಯಲು ಹೋದೆ. ಇಸ್ತ್ರಿಪೆಟ್ಟಿಗೆಯಿಂದ ಕೈ ತೆಗೆಯದೆಯೇ ಹೇಳಿದಳು:

“ಟೀಚರಮ್ಮ, ಹೆಬ್ಬೆಟ್ಟು ಒತ್ತಿದಾಗ ದಿನಸಿ ಕೊಡ್ತಿದ್ರು. ಹೆಸರು ಬರೆದ್ರೆ ಕಳ್ಳಿ ಅಂದ್ರು. ನಿಮ್ಮ ವಿದ್ಯೆ ನಿಮಗೇ ಇರಲಿ.”

“ತಪ್ಪು ನಂದು ಕಣಮ್ಮ,” ಎಂದೆ.

“ಹೌದು, ನಿಮ್ದೇ. ಮಾಡಿದ್ದುಣ್ಣೋ ಮಾರಾಯ ಅಂತಾರಲ್ಲ, ಇಲ್ಲಿ ಮಾಡಿದ್ದು ನೀವು, ಉಣ್ಣದೆ ಇರೋದು ನಾವು.”

ಒಳಗೆ ಅವಳ ಅತ್ತೆ ತಮ್ಮ ಪಾಲನ್ನು ಮೊಮ್ಮಕ್ಕಳ ತಟ್ಟೆಗೆ ಸುರಿಯುತ್ತ “ನಂಗೆ ಹಸಿವೇ ಇಲ್ಲ ಕಣ್ರೋ” ಎನ್ನುತ್ತಿದ್ದರು. ನಾಲ್ಕು ದಿನದಿಂದ ಅದೇ ಮಾತಂತೆ. ಗೋಡೆ ಹಿಡಿಯದೆ ಅವರಿಂದ ಏಳಲಾಗುತ್ತಿರಲಿಲ್ಲ. ನನಗೆ ನಾಚಿಕೆಯಾಯಿತು. ಅಲ್ಲಿ ನಿಲ್ಲಲಾರದೆ ಬಂದುಬಿಟ್ಟೆ.

ಆದ್ದರಿಂದ ಕೇಳುತ್ತಿದ್ದೇನೆ, ಬೇಡುತ್ತಿಲ್ಲ: ವಂಚನೆಯ ಆದೇಶವನ್ನು ರದ್ದುಮಾಡಿ. ಸೋಮವಾರ ಹತ್ತು ಗಂಟೆಗೆ ನಲವತ್ತು ಮನೆಯವರು ನಿಮ್ಮ ಕೋಣೆಗೆ ಬರುತ್ತೇವೆ. ಖಾಲಿ ಹಾಳೆ ಕೊಡಿ. ಯಾವ ಮಾದರಿಯೂ ಇಲ್ಲದೆ, ನಿಮ್ಮ ಕಣ್ಣೆದುರೇ ಬರೆದುಕೊಡುತ್ತಾರೆ. ಯಾರನ್ನಾದರೂ ಶಿಕ್ಷಿಸಲೇಬೇಕೆಂದಿದ್ದರೆ ನಾನಿದ್ದೇನೆ. ಇಸ್ತ್ರಿಯಾಕೆ ಮಾತ್ರ ಬರುವುದಿಲ್ಲ, ಬರೆಯುವುದೂ ಇಲ್ಲ. ಆ ಮನೆಗೆ ನೀವೇ ಹೋಗಿ ತಲೆ ಎಣಿಸಬೇಕು. ಅದಕ್ಕೆ ಸೋಮವಾರದವರೆಗೆ ಕಾಯಬೇಡಿ. ಏಳು ಜನ ಇರುವಾಗಲೇ ಹೋಗಿ.

ಇಂತಿ,
‘ತಮ್ಮ ವಿಶ್ವಾಸಿ’ ಎಂದು ಬರೆಯಲು ಈ ಸಲ ಕೈ ಬಾರದ
ನಿವೃತ್ತ ಬೆರಳಚ್ಚುಗಾರ್ತಿ